ವಿಮಾನದ ಇಂಜಿನನ್ನು ಕುರಿತು ಗೂಗಲ್ಲಿನ ತಂದೆಯೊಬ್ಬರ ಪ್ರಶ್ನೆ

ಶಾಲೆಯ ಸ್ಮರಣ ಸಂಚಿಕೆಯಲ್ಲಿ ಮುಖ್ಯೋಪಾಧ್ಯಾಯಿನಿಯಾದವರು ಪರೀಕ್ಷೆಯ ಫಲಿತಾಂಶ, ಕಟ್ಟಡದ ದುರಸ್ತಿ, ಆಟೋಟದ ಬಹುಮಾನ ಮುಂತಾದುವನ್ನು ಕುರಿತು ಬರೆಯುವುದು ವಾಡಿಕೆ. ಆ ಸಂಗತಿಗಳೆಲ್ಲ ವಾರ್ಷಿಕ ವರದಿಯಲ್ಲಿ ಸವಿಸ್ತಾರವಾಗಿ ಅಚ್ಚಾಗಿರುವುದರಿಂದ ಅವನ್ನು ಇಲ್ಲಿ ಮತ್ತೆ ಹೇಳಿದರೆ ಓದುವವರಿಗೆ ಬೇಸರ. ಆದುದರಿಂದ ಈ ಸಲ ನಾವು ಒಂದು ಇಂಜಿನಿನ ವಿಷಯವನ್ನು ಬರೆಯುತ್ತೇವೆ. ಹೆಣ್ಣುಮಕ್ಕಳ ಶಾಲೆಯ ಸಂಚಿಕೆಗೆ ಇದೆಂತಹ ವಿಷಯವೆಂದು ಹಿರಿಯರು ಕೆಲವರು ಹುಬ್ಬೇರಿಸಬಹುದು. ನಮ್ಮ ಹುಡುಗಿಯರು ಹೊಲಿಗೆಯ ಯಂತ್ರವನ್ನು ಬಿಚ್ಚಿ, ಎಣ್ಣೆ ಹಾಕಿ, ತಿರುಗಿ ಜೋಡಿಸುವುದನ್ನು ಬಹುಕಾಲದಿಂದ ಕಲಿತಿರುವರು. ಇದು ಅದಕ್ಕಿಂತ ತುಸು ದೊಡ್ಡ ಯಂತ್ರ, ಅಷ್ಟೆ.

ದೇವದುರ್ಗ ತಾಲೂಕಿನ ಗೂಗಲ್ ಕೃಷ್ಣಾ ನದಿಯ ದಡದಲ್ಲಿರುವ ಊರು. ಅಲ್ಲಮಪ್ರಭುವಿನ ದೇವಾಲಯದಿಂದ ಸುತ್ತಲಿನ ಸೀಮೆಗೆಲ್ಲ ಪರಿಚಿತವಾದುದು. ಈ ಹೆಸರನ್ನು ಹಾಜರಿ ಪುಸ್ತಕದಿಂದ ಓದಿದೊಡನೆ ಹೊಸ ಹುಡುಗಿಯರು ನಗುವರು. ಅಮೆರಿಕದ ಕಂಪೆನಿಗಿಂತ ಊರು ಬಹು ಹಳೆಯದೆಂದು ನಾವು ಪ್ರತಿವರ್ಷವೂ ಜೂನ್ ತಿಂಗಳಲ್ಲಿ ಒಮ್ಮೆ ಹೇಳಬೇಕಾಗುವುದು. ಆ ಊರಿನ ರೈತರೊಬ್ಬರ ಮಗಳು ನಮ್ಮ ವಸತಿಗೃಹದಲ್ಲಿದ್ದು ಹತ್ತನೆಯ ತರಗತಿಯವರೆಗೆ ಓದಿ, ಈಗ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ವಿದ್ಯಾರ್ಥಿನಿಯಾಗಿರುವಳು. ಆಕೆಯೂ ಮೂವರು ಗೆಳತಿಯರೂ ತಮ್ಮ ಅಧ್ಯಾಪಕರೊಬ್ಬರ ಮೇಲ್ವಿಚಾರಣೆಯಲ್ಲಿ ಇಬ್ಬರು ಕುಳಿತುಕೊಳ್ಳುವ ಒಂದು ಚಿಕ್ಕ ವಿಮಾನವನ್ನು ತಮ್ಮ ಕೈಯಿಂದಲೇ ಕಟ್ಟಲು ಹೊರಟಿರುವರು. ಇಂಜಿನು ಹೊಸದಲ್ಲ, ಹೊರದೇಶದಿಂದ ಬಂದ ಹಳೆಯ ಮಾಜ್ದಾ ಕಾರಿನದು. ಒಬ್ಬೊಬ್ಬರ ಪಾಲಿಗೆ ಒಂದೂವರೆ ಲಕ್ಷ ರೂಪಾಯಿ ಬರುವುದು. ತಂದೆಯವರು ಮೇ ತಿಂಗಳ ಸುಡುಬಿಸಿಲಿನಲ್ಲಿ ನಮ್ಮಲ್ಲಿಗೆ ಬಂದು ಹೇಳಿದ ಮಾತು ಇಷ್ಟೆ:

"ಅಕ್ಕಾರ, ಈಕೀನ ನೀವ ಓದಿಸೀರಿ. ಈಗ ವಿಮಾನ ಕಟ್ಟತೀನಿ ಅಂತಾಳ. ರೊಕ್ಕ ಕೊಡಲ್ಯೋ ಬ್ಯಾಡೋ, ನೀವ ಹೇಳ್ರಿ."

ರೊಕ್ಕದ ಮಾತಿನ ಹಿಂದೆ ಮತ್ತೊಂದು ಮಾತಿತ್ತು. ಅದನ್ನು ಅವರು ಬಾಯಿಬಿಟ್ಟು ಆಡಲಿಲ್ಲ, ನಾವೂ ಕೇಳಲಿಲ್ಲ. ನೆಲದ ಮೇಲೆ ಓಡುವ ವಾಹನದ ಇಂಜಿನು ಕೆಟ್ಟರೆ ದಾರಿಯ ಬದಿಯಲ್ಲಿ ನಿಲ್ಲಿಸಬಹುದು. ನಾವು ಇಪ್ಪತ್ತು ವರ್ಷಗಳಿಂದ ಭೌತಶಾಸ್ತ್ರವನ್ನು ಕಲಿಸುತ್ತ ಬಂದವರೇ ಹೊರತು ವಿಮಾನ ಕಟ್ಟಿದವರಲ್ಲ. ಹದಿನೈದು ದಿನಗಳ ಅವಧಿಯನ್ನು ಬೇಡಿ, ಹುಡುಗಿಗೆ ಕಾಗದ ಬರೆದು, ಅವಳು ಕಳುಹಿಸಿದ ನಕ್ಷೆಗಳನ್ನೂ ಲೆಕ್ಕಗಳನ್ನೂ ಪುಸ್ತಕಗಳನ್ನೂ ಇಟ್ಟುಕೊಂಡು ಕುಳಿತೆವು. ನಮಗೆ ತಿಳಿದುಬಂದುದನ್ನು ಇಲ್ಲಿ ಬರೆಯುತ್ತೇವೆ. ಇಂದು ಒಂದು ಮನೆಗೆ ಬಂದ ಪ್ರಶ್ನೆ ನಾಳೆ ಮತ್ತೊಂದು ಮನೆಗೂ ಬರಬಹುದು.

ಮೊದಲು ಹೆಸರಿನ ಗೊಂದಲವನ್ನು ಬಿಡಿಸಬೇಕು. 'ರೋಟರಿ ಇಂಜಿನು' ಎಂಬ ಒಂದೇ ಹೆಸರಿನಿಂದ ಎರಡು ಬೇರೆ ಬೇರೆ ಯಂತ್ರಗಳನ್ನು ಕರೆಯುವರು. ಹಳೆಯದು ಫ್ರಾನ್ಸಿನ ಸೆಗ್ಯಾಂ ಸಹೋದರರ 'ನೋಮ್' ಎಂಬ ಇಂಜಿನು; 1908-09ರ ಸುಮಾರಿಗೆ ಹೊರಬಂದು, ಮೊದಲನೆಯ ಮಹಾಯುದ್ಧದ ಕಾಲದಲ್ಲಿ ತನ್ನ ಸಂತತಿಯೊಡನೆ ಆಕಾಶವನ್ನಾಳಿದುದು. ಅದರ ಏಳು ಸಿಲಿಂಡರುಗಳು ಚಕ್ರದ ಅರೆಕಾಲುಗಳಂತೆ ಸುತ್ತಲೂ ನಿಂತಿದ್ದು, ನಡುವಿನ ದಂಡವು ಅಲುಗಾಡದೆ ಇಡೀ ಇಂಜಿನೇ ಗಿರಗಿರನೆ ತಿರುಗುತ್ತಿತ್ತು. ಪ್ರೊಪೆಲ್ಲರನ್ನು ಆ ಇಂಜಿನಿಗೇ ಬಿಗಿದಿದ್ದರು. ತಾನೇ ತಿರುಗುವುದರಿಂದ ವಿಮಾನ ನೆಲದ ಮೇಲೆ ನಿಂತಿರುವಾಗಲೂ ಸಿಲಿಂಡರುಗಳಿಗೆ ಗಾಳಿ ಬಡಿಯುತ್ತಿತ್ತು. ನಿಮಿಷಕ್ಕೆ 1,200ರ ಆಸುಪಾಸಿನಲ್ಲಿ ಮಾತ್ರ ಸುತ್ತುತ್ತಿದ್ದುದರಿಂದ ಪ್ರೊಪೆಲ್ಲರಿಗೂ ಆ ವೇಗ ಹಿತವಾಗಿತ್ತು. ತಂಪಿನ ಪ್ರಶ್ನೆ, ಪ್ರೊಪೆಲ್ಲರಿನ ಪ್ರಶ್ನೆ ಎರಡಕ್ಕೂ ಒಂದೇ ಉಪಾಯದಿಂದ ಉತ್ತರ ದೊರಕಿತು. ಅದಕ್ಕೆ ಹಾಕುತ್ತಿದ್ದ ಎಣ್ಣೆ ಯಾವುದೆಂದರೆ ನಮ್ಮ ಸೀಮೆಯ ಹೊಲಗಳಲ್ಲಿ ಬೆಳೆಯುವ ಔಡಲದ ಎಣ್ಣೆ! ಪೆಟ್ರೋಲಿನಲ್ಲಿ ಸುಲಭವಾಗಿ ಬೆರೆಯದ ಎಣ್ಣೆ ಅದೆಂದು ಆರಿಸಿಕೊಂಡಿದ್ದರು. ಅದು ಇಂಜಿನಿನಿಂದ ಹೊರಗೆ ಸಿಡಿದು ವೈಮಾನಿಕರ ಮುಖಕ್ಕೂ ಮೂಗಿಗೂ ಬಾಯಿಗೂ ಬೀಳುತ್ತಿತ್ತಂತೆ. ಔಡಲೆಣ್ಣೆಯ ಗುಣ ನಮ್ಮ ತಾಯಂದಿರಿಗೆ ಗೊತ್ತಿರುವುದರಿಂದ ಹೆಚ್ಚು ವಿವರಿಸುವುದಿಲ್ಲ.

ನಮ್ಮ ಹುಡುಗಿಯರ ಇಂಜಿನು ಎರಡನೆಯ ಬಗೆಯದು. ಜರ್ಮನಿಯ ಫೆಲಿಕ್ಸ್ ವಾಂಕೆಲ್ ಎಂಬಾತನ ಕಲ್ಪನೆ. 1957ರಲ್ಲಿ ಎನ್‌ಎಸ್‌ಯು ಕಂಪೆನಿಯಲ್ಲಿ ಮೊದಲು ಓಡಿತು. 1967ರಿಂದ ಜಪಾನಿನ ಮಾಜ್ದಾ ಕಂಪೆನಿ ಕಾರುಗಳಲ್ಲಿಟ್ಟು ಪ್ರಸಿದ್ಧಿಗೆ ತಂದಿತು. ಇದರಲ್ಲಿ ಮೇಲೆ ಕೆಳಗೆ ಓಡಾಡುವ ಪಿಸ್ಟನ್ನಿಲ್ಲ, ತೆರೆದು ಮುಚ್ಚುವ ವಾಲ್ವಿಲ್ಲ. ನಡು ಸ್ವಲ್ಪ ಹಿಂಡಿದಂತಿರುವ ದುಂಡನೆಯ ಕವಚದೊಳಗೆ ಮೂರು ಮೂಲೆಯ ರೋಟರು ತಿರುಗುತ್ತದೆ. ಅದು ಒಂದು ಸುತ್ತು ಬರುವಷ್ಟರಲ್ಲಿ ಹೊರಗಿನ ದಂಡ ಮೂರು ಸುತ್ತು ಬಂದಿರುತ್ತದೆ. ಮಾಜ್ದಾದ 13ಬಿ ಎಂಬ ಇಂಜಿನಿನಲ್ಲಿ 654 ಘನ ಸೆಂಟಿಮೀಟರಿನ ಎರಡು ರೋಟರುಗಳಿವೆ. ತೂಕ ಕಡಿಮೆ, ಅದುರು ಕಡಿಮೆ, ಚಲಿಸುವ ಭಾಗಗಳು ಬೆರಳೆಣಿಕೆಯಷ್ಟು, ಶಕ್ತಿ ಬಹಳ. ಮನೆಯಲ್ಲಿ ವಿಮಾನ ಕಟ್ಟುವವರಿಗೆ ಇದರ ಮೇಲೆ ಮೋಹ ಹುಟ್ಟುವುದರಲ್ಲಿ ಆಶ್ಚರ್ಯವೇನಿಲ್ಲ. ಬಿಸಿ ಏರಿದಾಗ ಒಮ್ಮೆಗೇ ಹಿಡಿದು ನಿಂತುಬಿಡುವ ಸ್ವಭಾವ ಇದಕ್ಕೆ ಕಡಿಮೆಯೆಂದು ಇದನ್ನು ಮೆಚ್ಚುವವರು ಹೇಳುವರು. ಇರಬಹುದು. ಆದರೆ ಬಿಸಿಯನ್ನು ಹುಟ್ಟಿಸುವುದರಲ್ಲಿ ಇದು ಯಾರಿಗೂ ಕಡಿಮೆಯಿಲ್ಲ.

ಇಲ್ಲಿ ಒಂದು ವಿಶೇಷವುಂಟು. ಪಿಸ್ಟನ್ ಇಂಜಿನಿನ ಕೊಠಡಿಯಲ್ಲಿ ತಣ್ಣನೆಯ ಗಾಳಿ ಬರುವುದೂ ಬೆಂಕಿ ಹೊತ್ತುವುದೂ ಒಂದೇ ಸ್ಥಳದಲ್ಲಿ ಸರದಿಯಾಗಿ ನಡೆಯುವುವು. ಗೋಡೆಗೆ ಬಿಸಿಯೂ ತಂಪೂ ಎರಡೂ ತಗುಲುವುವು. ವಾಂಕೆಲ್ ಇಂಜಿನಿನಲ್ಲಿ ಗಾಳಿ ಬರುವ ಪಕ್ಕ ಯಾವಾಗಲೂ ತಂಪು, ಬೆಂಕಿ ಹೊತ್ತುವ ಪಕ್ಕ ಯಾವಾಗಲೂ ಕೆಂಡ. ಹಂಚಿನ ಮೇಲೆ ಹಾಕಿದ ಜೋಳದ ರೊಟ್ಟಿಯನ್ನು ಮಗುಚದೆ ಬಿಟ್ಟಂತೆ! ಕವಚದ ಕೆಲವು ಭಾಗ ಅಲ್ಯೂಮಿನಿಯಮ್ಮಿನದು, ಕೆಲವು ಎರಕದ ಕಬ್ಬಿಣದ್ದು. ಬಿಸಿಗೆ ಒಂದು ಹೆಚ್ಚು ಹಿಗ್ಗುವುದು, ಮತ್ತೊಂದು ಕಡಿಮೆ. ಮಿತಿಮೀರಿ ಕಾದರೆ ಇವೆರಡರ ನಡುವೆ ನೀರನ್ನು ತಡೆಯುವ ರಬ್ಬರಿನ ಬಳೆಗಳು ಹಾಳಾಗಿ ನೀರು ಬೆಂಕಿಯ ಕೊಠಡಿಗೆ ಸೋರತೊಡಗುವುದು. ಇದಲ್ಲದೆ ರೋಟರಿನ ಹೊಟ್ಟೆಯೊಳಗಿನ ಬಿಸಿಯನ್ನು ಹೊರತರುವುದು ನೀರಲ್ಲ, ಎಣ್ಣೆ. ತಂಪಿಗೆ ಕೊಡಬೇಕಾದ ಬಿಸಿಯಲ್ಲಿ ಸುಮಾರು ಮೂರನೆಯ ಒಂದು ಪಾಲನ್ನು ಎಣ್ಣೆಯೇ ಹೊರುವುದರಿಂದ, ನೀರಿನ ರೇಡಿಯೇಟರಿನ ಜೊತೆಗೆ ಎಣ್ಣೆಗೂ ದೊಡ್ಡದೊಂದು ರೇಡಿಯೇಟರು ಬೇಕು. ಹುಡುಗಿಯರು ಮೊದಲು ಕಳುಹಿಸಿದ ನಕ್ಷೆಯಲ್ಲಿ ಎಣ್ಣೆಯ ರೇಡಿಯೇಟರು ಅಂಗೈಯಗಲದ್ದಿತ್ತು. ಅದರ ಪಕ್ಕದಲ್ಲಿ ನಾವು ಕೆಂಪು ಶಾಯಿಯ ಗುರುತು ಹಾಕಿದೆವು. ಇಪ್ಪತ್ತು ವರ್ಷದ ಅಭ್ಯಾಸ ಬಿಡುವುದಿಲ್ಲ.

ಎಷ್ಟು ಬಿಸಿಯೆಂಬುದನ್ನು ಗೃಹಿಣಿಯರ ಲೆಕ್ಕದಲ್ಲಿ ಹೇಳೋಣ. ಇಂಜಿನು ಪೂರ್ಣಶಕ್ತಿಯಿಂದ 160 ಅಶ್ವಶಕ್ತಿಯನ್ನು, ಅಂದರೆ ಸುಮಾರು 120 ಕಿಲೋವ್ಯಾಟನ್ನು, ಪ್ರೊಪೆಲ್ಲರಿಗೆ ಕೊಡುತ್ತಿರುವಾಗ ನೀರು ಎಣ್ಣೆಗಳಿಗೆ ಹೋಗುವ ಬಿಸಿಯನ್ನು 100 ಕಿಲೋವ್ಯಾಟು ಎಂದು ಹಿಡಿಯಿರಿ. ಬಚ್ಚಲಮನೆಯ ಗೀಸರು 2 ಕಿಲೋವ್ಯಾಟಿನದಾದರೆ ಐವತ್ತು ಗೀಸರುಗಳು ಒಟ್ಟಿಗೆ ಉರಿದಂತಾಯಿತು. ಆ ಬಿಸಿಯನ್ನು ಗಾಳಿ ಎತ್ತಿಕೊಂಡು ಹೋಗಬೇಕು. ರೇಡಿಯೇಟರನ್ನು ಹಾದ ಗಾಳಿ 30 ಡಿಗ್ರಿಯಷ್ಟು ಬಿಸಿಯಾಗಿ ಹೊರಬರುವುದಾದರೆ ಪ್ರತಿ ಸೆಕೆಂಡಿಗೂ ಮೂರು ಘನ ಮೀಟರಿಗಿಂತ ಹೆಚ್ಚು ಗಾಳಿ ಬೇಕು. ನಮ್ಮ ಒಂದು ತರಗತಿಯ ಕೊಠಡಿಯ ಗಾಳಿಯೆಲ್ಲವೂ ಒಂದು ನಿಮಿಷದೊಳಗೆ ಆ ಕಿರಿದಾದ ಬಾಯಿಯಿಂದ ಒಳಹೊಕ್ಕು ಹೊರಬೀಳಬೇಕು.

ಈ ಲೆಕ್ಕವನ್ನು ತಂದೆಯವರಿಗೆ ಹೇಗೆ ವಿವರಿಸುವುದೆಂದು ನಾವು ಯೋಚಿಸುತ್ತಿದ್ದೆವು. ವಿವರಿಸುವ ಅಗತ್ಯವೇ ಬೀಳಲಿಲ್ಲ. ಹೊಳೆಯಿಂದ ಗದ್ದೆಗೆ ನೀರೆತ್ತುವ ಆಯಿಲ್ ಇಂಜಿನನ್ನು ಅವರು ಮೂವತ್ತು ವರ್ಷ ನಡೆಸಿದವರು. ಪಂಪು ಎತ್ತಿದ ನೀರಿನಲ್ಲಿಯೇ ಸ್ವಲ್ಪವನ್ನು ಕವಲೊಡೆಸಿ ಇಂಜಿನಿನ ಮೈಸುತ್ತ ಹರಿಸಿ ತಂಪು ಮಾಡುವ ಏರ್ಪಾಡು ಅದರಲ್ಲಿರುತ್ತದೆ. ಹೊಳೆಯ ನೀರು ಇಳಿದು ಪಂಪು ಗಾಳಿ ಹಿಡಿದರೆ ಗದ್ದೆ ಒಣಗುವುದಕ್ಕೆ ಮುಂಚೆ ಇಂಜಿನು ಕಾಯುತ್ತದೆ. ಅವರು ಕೇಳಿದರು: "ಮ್ಯಾಲ ಹೊಳಿ ಎಲ್ಲೈತ್ರಿ ಅಕ್ಕಾರ? ಅದ ನೀರ ತಿರುತಿರುಗಿ ಬರಬೇಕಲ್ಲ. ಅದನ್ನ ಯಾರ ಆರಸ್ತಾರ?" ಇಡೀ ವಿಷಯದ ತಿರುಳು ಆ ಮಾತಿನಲ್ಲಿದೆ. ಮೇಲೆ ಹೊಳೆಯಿಲ್ಲ, ಗಾಳಿಯೇ ಹೊಳೆ. ಆ ಹೊಳೆಯೂ ವಿಮಾನ ಓಡಿದರೆ ಮಾತ್ರ ಹರಿಯುವುದು.

ಓಡುವುದರಲ್ಲಿಯೂ ಭೇದವುಂಟು. ವಿಮಾನ ಗಂಟೆಗೆ 300 ಕಿಲೋಮೀಟರಿನಂತೆ ಸಮನಾಗಿ ಹೋಗುವಾಗ ರೇಡಿಯೇಟರಿನ ಬಾಯಿಗೆ ತಗುಲುವ ಗಾಳಿಯ ಒತ್ತಡವನ್ನು ನಾಲ್ಕಾಣೆಯ ಲೆಕ್ಕದಲ್ಲಿ ನಾಲ್ಕೆಂದು ಹಿಡಿದರೆ, 150ರ ವೇಗದಲ್ಲಿ ಮೇಲೇರುವಾಗ ಅದು ಒಂದೇ ಆಗುವುದು; ವೇಗ ಅರ್ಧವಾದರೆ ಒತ್ತಡ ಕಾಲು ಭಾಗ. ಮೇಲೇರುವಾಗಲೇ ಇಂಜಿನಿನ ದುಡಿಮೆ ಅತಿ ಹೆಚ್ಚು. ಹೆಚ್ಚು ಬಿಸಿ, ಕಡಿಮೆ ಗಾಳಿ: ಪರೀಕ್ಷೆ ನಡೆಯುವುದು ಅಲ್ಲಿಯೇ. ಇನ್ನು ನಮ್ಮ ರಾಯಚೂರಿನ ಬೇಸಗೆಯನ್ನು ಇದಕ್ಕೆ ಕೂಡಿಸಿ. ಹುಡುಗಿ ಕಳುಹಿಸಿದ ಪುಸ್ತಕಗಳ ಕೋಷ್ಟಕಗಳೆಲ್ಲ 15 ಡಿಗ್ರಿಯ ಗಾಳಿಯನ್ನು ಹಿಡಿದು ಬರೆದುವು. ರೇಡಿಯೇಟರಿನ ನೀರು 90 ಡಿಗ್ರಿಯಿದ್ದರೆ ಆ ಗಾಳಿಗೂ ಅದಕ್ಕೂ 75 ಡಿಗ್ರಿಯ ಅಂತರ. ಮೇ ತಿಂಗಳಲ್ಲಿ ನಮ್ಮ ಗಾಳಿ 42 ಆದಾಗ ಉಳಿಯುವ ಅಂತರ 48. ಅದೇ ರೇಡಿಯೇಟರು, ಅದೇ ಗಾಳಿಯ ಹರಿವು, ಆದರೆ ಬಿಸಿ ಹೋಗುವುದು ಮೂರರಲ್ಲಿ ಎರಡು ಪಾಲಿಗಿಂತಲೂ ಕಡಿಮೆ. ಗಾಳಿಯೂ ತೆಳುವಾಗಿರುವುದು: ಸಮುದ್ರದ ಮಟ್ಟದಲ್ಲಿ 15 ಡಿಗ್ರಿಯಲ್ಲಿ ಘನ ಮೀಟರಿಗೆ 1.225 ಕಿಲೋಗ್ರಾಂ ತೂಗುವ ಗಾಳಿ, ಸುಮಾರು 400 ಮೀಟರು ಎತ್ತರದ ರಾಯಚೂರಿನಲ್ಲಿ 42 ಡಿಗ್ರಿಯಲ್ಲಿ 1.07ರಷ್ಟು ಮಾತ್ರ ತೂಗುವುದು. ಇಂಗ್ಲೆಂಡಿನಲ್ಲೋ ಅಮೆರಿಕದಲ್ಲೋ ಒಬ್ಬಾತನಿಗೆ ಸಾಕಾದ ರೇಡಿಯೇಟರು ನಮ್ಮ ಹುಡುಗಿಗೆ ಸಾಲದೆಂದು ಹೇಳುವುದಕ್ಕೆ ವಿಮಾನಶಾಸ್ತ್ರ ಬೇಡ. ಒಂಬತ್ತನೆಯ ತರಗತಿಯ ಉಷ್ಣದ ಪಾಠ ಸಾಕು.

ಹಾಗಾದರೆ ಬಾಯಿಯನ್ನು ದೊಡ್ಡದು ಮಾಡಿದರಾಯಿತಲ್ಲವೆ? ಎಲ್ಲರಿಗೂ ಮೊದಲು ಹೊಳೆಯುವ ಯೋಚನೆ ಇದೇ. ಇದು ಫಲಿಸುವುದು ಅಪರೂಪ. ಪಡುವಣ ಕಿಟಕಿಯನ್ನು ಎಷ್ಟು ಅಗಲವಾಗಿ ತೆರೆದರೂ ಮೂಡಣ ಬಾಗಿಲು ಮುಚ್ಚಿದ್ದರೆ ಮನೆಯೊಳಗೆ ಗಾಳಿಯಾಡದೆಂಬುದನ್ನು ನಮ್ಮ ಹಳ್ಳಿಯ ಮನೆ ಕಟ್ಟಿದ ಗೌಂಡಿಯೂ ಬಲ್ಲನು. ಒಳಗೆ ಬಂದ ಗಾಳಿ ಹೊರಗೆ ಹೋಗುವ ದಾರಿ ಸಾಲದಿದ್ದರೆ ಬಾಯಿಗೆ ಬಂದ ಗಾಳಿ ಅಲ್ಲಿಯೇ ತಡೆದು ಪಕ್ಕಕ್ಕೆ ಚೆಲ್ಲಿಹೋಗುವುದು. ವಿಮಾನಕ್ಕೆ ಎಳೆತ ಹೆಚ್ಚಿ ವೇಗವೂ ತಗ್ಗುವುದು. ಸರಿಯಾದ ಕ್ರಮವೆಂದರೆ ಬಾಯಿ ಚಿಕ್ಕದಾಗಿದ್ದು, ಒಳಗಿನ ದಾರಿ ಮೆಲ್ಲಮೆಲ್ಲನೆ ಅಗಲವಾಗುತ್ತ ಹೋಗಿ, ಗಾಳಿಯ ಓಟ ತಗ್ಗಿ ಒತ್ತಡ ಏರಿ ರೇಡಿಯೇಟರಿನ ಮೈಯೆಲ್ಲಕ್ಕೂ ಸಮನಾಗಿ ತಾಗಬೇಕು. ಆಮೇಲೆ ದಾರಿ ಮತ್ತೆ ಕಿರಿದಾಗುತ್ತ, ವಿಮಾನದ ಮೈಯ ಮೇಲೆ ಒತ್ತಡ ಕಡಿಮೆಯಿರುವ ಜಾಗದಲ್ಲಿ ತೆರೆದುಕೊಳ್ಳಬೇಕು. ರೇಡಿಯೇಟರಿನ ಅಂಚಿನ ಸುತ್ತ ಬೆರಳು ತೂರುವಷ್ಟು ಸಂದು ಇದ್ದರೂ ಗಾಳಿ ಸುಲಭದ ದಾರಿಯನ್ನೇ ಹಿಡಿಯುವುದು. ಇದನ್ನು ಚೆನ್ನಾಗಿ ಮಾಡಿದರೆ ಬಿಸಿಯಾಗಿ ಹಿಗ್ಗಿದ ಗಾಳಿ ಹಿಂದಕ್ಕೆ ಚಿಮ್ಮಿ ಎಳೆತದಲ್ಲಿ ಸ್ವಲ್ಪವನ್ನು ತಾನೇ ತೀರಿಸುವುದೆಂದು 1930ರ ದಶಕದಲ್ಲಿ ಇಂಗ್ಲೆಂಡಿನ ಮೆರೆಡಿತ್ ಎಂಬ ವಿಜ್ಞಾನಿ ತೋರಿಸಿಕೊಟ್ಟನು. ಯುದ್ಧಕಾಲದ ಸ್ಪಿಟ್‌ಫೈರ್, ಮಸ್ಟಾಂಗ್ ವಿಮಾನಗಳ ರೇಡಿಯೇಟರುಗಳು ಆ ತತ್ತ್ವವನ್ನನುಸರಿಸಿದುವು. ಮನೆಯಲ್ಲಿ ಕಟ್ಟುವವರಿಗೆ ಅಷ್ಟು ದೊರಕದಿದ್ದರೂ ಚಿಂತೆಯಿಲ್ಲ. ಹೊರಬಾಯಿಗೆ ಒಂದು ಮುಚ್ಚಳವಿಟ್ಟು, ಏರುವಾಗ ತೆರೆದು ಸಮನಾಗಿ ಹಾರುವಾಗ ಅರೆಮುಚ್ಚಿದರೂ ಬಹಳ ಮಟ್ಟಿಗೆ ಕೆಲಸವಾಗುವುದು.

ನಮ್ಮ ನಾಡಿನಲ್ಲಿ ಇಂತಹ ಇಂಜಿನು ಹಾರಿದುದುಂಟೆ ಎಂದು ತಂದೆಯವರು ಕೇಳಿದ್ದರು. ಉಂಟು. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದವರು, ಅಂದರೆ ಎನ್‌ಎಎಲ್ ಸಂಸ್ಥೆಯವರು, ಅಹಮದ್‌ನಗರದ ವಾಹನ ಸಂಶೋಧನಾ ಸಂಸ್ಥೆಯೊಡನೆ ಕೂಡಿ 55 ಅಶ್ವಶಕ್ತಿಯ ಒಂದು ವಾಂಕೆಲ್ ಇಂಜಿನನ್ನು ಈ ದೇಶದಲ್ಲಿಯೇ ನಿರ್ಮಿಸಿದರು. ತೂಕ ಸುಮಾರು 30 ಕಿಲೋಗ್ರಾಂ. ಅಂದರೆ ನಮ್ಮ ಎಂಟನೆಯ ತರಗತಿಯ ಸಣ್ಣ ಮೈಯ ಹುಡುಗಿಯಷ್ಟು. ಕವಚದ ಒಳಮೈಗೆ ನಿಕಲ್ಲನ್ನೂ ಸಿಲಿಕಾನ್ ಕಾರ್ಬೈಡನ್ನೂ ಬೆರೆಸಿ ಲೇಪಿಸುವ ವಿದ್ಯೆ ಅದರಲ್ಲಿ ಮುಖ್ಯವಾದುದು. ರೋಟರಿನ ಮೂಲೆಗಳು ಸದಾ ಉಜ್ಜುವ ಗೋಡೆ ಸವೆಯಬಾರದಷ್ಟೆ. 2009ರ ಏಪ್ರಿಲ್ 5ರಂದು, ಭಾನುವಾರ ಬೆಳಗಿನ ಹೊತ್ತಿನಲ್ಲಿ, ಕೋಲಾರದ ಬಳಿ ಅದು ನಿಶಾಂತ್ ಎಂಬ ಚಾಲಕರಹಿತ ವಿಮಾನವನ್ನು ಹೊತ್ತು ಹಾರಿತು. ನಿಶಾಂತ್ ಮುಂದೆ ಸೈನ್ಯದಲ್ಲಿ ನೆಲೆಯೂರಲಿಲ್ಲ. ಆದರೆ ಇಂಜಿನು ಹಾರಿದುದು ಹಾರಿದುದೇ. ಇನ್ನೊಂದು ಸಂಗತಿಯನ್ನೂ ಹೇಳಬೇಕು. ಅದೇ ಎನ್‌ಎಎಲ್‌ನಲ್ಲಿ 1980ರ ದಶಕದಲ್ಲಿ, ಅಮೆರಿಕದ ಬರ್ಟ್ ರುಟಾನನು ಮನೆಯಲ್ಲಿ ಕಟ್ಟುವವರಿಗೆಂದು ರಚಿಸಿದ ಲಾಂಗ್-ಈಝೀ ನಕ್ಷೆಯನ್ನನುಸರಿಸಿ ಒಂದು ಹಗುರವಾದ ವಿಮಾನವನ್ನು ಕಟ್ಟಿ 1987ರಲ್ಲಿ ಹಾರಿಸಿದರು. ಮನೆಗೆಲಸದವರ ನಕ್ಷೆಯಿಂದ ದೊಡ್ಡ ಸಂಸ್ಥೆಯೂ ಪಾಠ ಕಲಿಯಬಲ್ಲದೆಂಬುದು ನಮಗೆ ಬಹಳ ಹಿಡಿಸಿತು. ಈ ಎರಡು ವಿಮಾನಗಳಲ್ಲಿಯೂ ಪ್ರೊಪೆಲ್ಲರು ಇಂಜಿನಿನ ಹಿಂದಿತ್ತು. ಅಂತಹ ರಚನೆಯಲ್ಲಿ ನೆಲದ ಮೇಲೆ ನಿಂತಾಗ ಪ್ರೊಪೆಲ್ಲರಿನ ಗಾಳಿ ಇಂಜಿನಿಗೆ ಎದುರಾಗಿ ಬೀಸುವುದಿಲ್ಲ. ಪ್ರೊಪೆಲ್ಲರು ಮುಂದಿದ್ದರೂ ಹೆಚ್ಚು ನಂಬುವಂತಿಲ್ಲ: ರೇಡಿಯೇಟರಿನ ಬಾಯಿಗಳು ಇರುವುದು ಪ್ರೊಪೆಲ್ಲರಿನ ಬುಡದ ಹಿಂದೆ, ಬುಡದ ಭಾಗ ದಪ್ಪನಾಗಿ ನಿಧಾನವಾಗಿ ತಿರುಗುವುದರಿಂದ ಅಲ್ಲಿ ಹುಟ್ಟುವ ಗಾಳಿ ಅಲ್ಪ.

ಈಗ ಪ್ರೊಪೆಲ್ಲರಿನ ಮಾತು. ವಾಂಕೆಲ್ ಇಂಜಿನು ತನ್ನ ಶಕ್ತಿಯನ್ನೆಲ್ಲ ಕೊಡುವುದು ನಿಮಿಷಕ್ಕೆ 6,000 ಸುತ್ತಿನ ಆಸುಪಾಸಿನಲ್ಲಿ. 1.83 ಮೀಟರು, ಅಂದರೆ ಆರು ಅಡಿ, ವ್ಯಾಸದ ಪ್ರೊಪೆಲ್ಲರನ್ನು ನೇರವಾಗಿ ಆ ದಂಡಕ್ಕೆ ಬಿಗಿದರೆ ಅದರ ತುದಿ ಸೆಕೆಂಡಿಗೆ 575 ಮೀಟರಿನಂತೆ ಓಡುವುದು. ಶಬ್ದದ ವೇಗ 15 ಡಿಗ್ರಿಯಲ್ಲಿ 340 ಮೀಟರು. ಶಬ್ದವನ್ನು ಮೀರಿದ ಅಲಗು ಗಾಳಿಯನ್ನು ನೂಕುವುದಿಲ್ಲ, ಬಡಿಯುತ್ತದೆ. ಶಕ್ತಿಯೆಲ್ಲ ಗದ್ದಲವಾಗಿ ಹೋಗುವುದು. ತುದಿಯ ವೇಗವನ್ನು 260 ಮೀಟರಿನೊಳಗೆ ಇಡಬೇಕಾದರೆ ಪ್ರೊಪೆಲ್ಲರು 83 ಸೆಂಟಿಮೀಟರಿಗಿಂತ ಚಿಕ್ಕದಾಗಬೇಕು. ಅಷ್ಟು ಚಿಕ್ಕದು ಚಾಲಕರಹಿತ ಪುಟ್ಟ ವಿಮಾನಗಳಿಗೆ ಸಾಕಾದೀತು. ಇಬ್ಬರನ್ನು ಹೊತ್ತು ರನ್‌ವೇ ಬಿಟ್ಟೇಳಬೇಕಾದ ವಿಮಾನಕ್ಕೆ ಸಾಲದು. ಹರಿಗೋಲಿನಲ್ಲಿ ಕೃಷ್ಣೆಯನ್ನು ದಾಟಿದವರಿಗೆ ಇದು ಗೊತ್ತು. ಅಂಬಿಗನು ಅಗಲವಾದ ಹುಟ್ಟನ್ನು ನಿಧಾನವಾಗಿ ಎಳೆಯುವನು. ಚಮಚದಿಂದ ಎಷ್ಟು ಬೇಗ ನೀರನ್ನು ಕಲಕಿದರೂ ಹರಿಗೋಲು ಕದಲದು. ಹೆಚ್ಚು ಗಾಳಿಯನ್ನು ಮೆಲ್ಲನೆ ನೂಕುವುದೇ ಲಾಭದಾಯಕ.

ಆದುದರಿಂದ ಇಂಜಿನಿಗೂ ಪ್ರೊಪೆಲ್ಲರಿಗೂ ನಡುವೆ ವೇಗವನ್ನು ತಗ್ಗಿಸುವ ಗೇರು ಪೆಟ್ಟಿಗೆ ಬೇಕು. ಇದೇನೂ ಹೊಸದಲ್ಲ. 2000ದಲ್ಲಿ ಪ್ರಮಾಣಪತ್ರ ಪಡೆದು ನಮ್ಮ ದೇಶದ ಹಾರಾಟದ ಶಾಲೆಗಳಿಗೆ ಹೋದ ಎನ್‌ಎಎಲ್‌ನ ಹಂಸ-3 ವಿಮಾನದ ರೋಟ್ಯಾಕ್ಸ್ ಇಂಜಿನು ಪಿಸ್ಟನ್ನಿನದಾದರೂ 5,800 ಸುತ್ತು ತಿರುಗುವುದು, 2.43ಕ್ಕೆ ಒಂದರಂತೆ ಗೇರು ತಗ್ಗಿಸಿ ಪ್ರೊಪೆಲ್ಲರಿಗೆ ಸುಮಾರು 2,390 ಸುತ್ತು ಕೊಡುವುದು. ಮಾಜ್ದಾ ಇಂಜಿನಿಗೆ ಮನೆಯಲ್ಲಿ ಕಟ್ಟುವವರು 2.17ರ ಪ್ರಮಾಣವನ್ನೂ 2.85ರ ಪ್ರಮಾಣವನ್ನೂ ಬಳಸಿರುವರು. 6,000 ಸುತ್ತಿಗೆ ಮೊದಲನೆಯದು 2,765 ಕೊಡುವುದು, ಎರಡನೆಯದು 2,105. ಎರಡನೆಯದರಲ್ಲಿ ಪ್ರೊಪೆಲ್ಲರನ್ನು 2.1 ಮೀಟರಿನವರೆಗೆ ಬೆಳೆಸಿದರೂ ತುದಿಯ ವೇಗ 231 ಮೀಟರಿಗೆ ನಿಲ್ಲುವುದು. ಏರುವುದಕ್ಕೆ ಇದು ಬಹು ಒಳ್ಳೆಯದು. ಆದರೆ ಉದ್ದನೆಯ ಅಲಗು ನೆಲಕ್ಕೆ ತಾಗದಂತೆ ವಿಮಾನದ ಕಾಲು ಎತ್ತರವಾಗಬೇಕು, ಗೇರಿನ ಮೇಲೆ ಭಾರವೂ ಹೆಚ್ಚು. ಎರಡೇ ಹಲ್ಲುಗಾಲಿಗಳ ಗೇರಾದರೆ ತಿರುಗುವ ದಿಕ್ಕೂ ಬದಲಾಗುವುದು. ಸೂರ್ಯನ ಸುತ್ತ ಗ್ರಹಗಳಂತೆ ಗಾಲಿಗಳನ್ನು ಜೋಡಿಸಿ, ಹೊರಗಿನ ಬಳೆಯನ್ನು ಬಿಗಿದಿಟ್ಟ ಗೇರಿನಲ್ಲಿ ಬದಲಾಗದು. ಇದನ್ನು ಮರೆತು ಪ್ರೊಪೆಲ್ಲರು ಮಾಡಿಸಿದರೆ ಎಡಗಾಲಿಗೆ ಬಲಗಾಲಿನ ಚಪ್ಪಲಿ ತಂದಂತೆಯೇ ಸರಿ.

ಅಲಗಿನ ಓರೆಯ ವಿಷಯದಲ್ಲಿ ಹುಡುಗಿಯರಿಗೂ ನಮಗೂ ಕಾಗದಗಳಲ್ಲಿ ಸಣ್ಣದೊಂದು ವಾದವೇ ನಡೆಯಿತು. ಅವರ ಮನಸ್ಸು ಇಂಗಾಲದ ನಾರಿನ ಮೂರು ಅಲಗಿನ, ಹೆಚ್ಚು ಓರೆಯ, ವೇಗಕ್ಕೆಂದು ಮಾಡಿದ ಪ್ರೊಪೆಲ್ಲರಿನ ಮೇಲಿತ್ತು. ನೋಡಲು ಅಂದವಾದುದು, ಒಪ್ಪುತ್ತೇವೆ. ಆದರೆ ಓರೆ ಬದಲಾಗದ ಪ್ರೊಪೆಲ್ಲರೆಂದರೆ ಒಂದೇ ಗೇರಿನ ಬಂಡಿಯಂತೆ. ಸಮತಟ್ಟಿನ ಓಟಕ್ಕೆ ಹೊಂದಿಸಿದರೆ ಏರಿನಲ್ಲಿ ಇಂಜಿನು ಏದುವುದು. ವಾಂಕೆಲ್ ಇಂಜಿನಿನ ಶಕ್ತಿ ಸುತ್ತಿನಲ್ಲಿದೆ; ಹೆಚ್ಚು ಓರೆಯ ಅಲಗನ್ನು ಹೊತ್ತು 6,000ಕ್ಕೆ ಬದಲು 4,800 ಸುತ್ತಿಗೇ ನಿಂತರೆ, ದುಡ್ಡು ಕೊಟ್ಟು ತಂದ ಶಕ್ತಿಯಲ್ಲಿ ಒಂದು ಪಾಲು ರನ್‌ವೇಯ ಮೇಲೆ ಕೈಗೆ ಬರುವುದೇ ಇಲ್ಲ. ಏರಿಕೆ ನಿಧಾನವಾಗುವುದು, ನಿಧಾನವಾದಷ್ಟೂ ಕಡಿಮೆ ಗಾಳಿಯಲ್ಲಿ ಹೆಚ್ಚು ನಿಮಿಷ ದುಡಿಯಬೇಕು, ನೀರೂ ಎಣ್ಣೆಯೂ ಕಾಯುವುವು. ಹೀಗೆ ಪ್ರೊಪೆಲ್ಲರಿನ ಆಯ್ಕೆ ರೇಡಿಯೇಟರಿನ ಹೊಣೆಯನ್ನು ಹೆಚ್ಚಿಸುವುದು. ಇವೆರಡನ್ನೂ ಬೇರೆ ಬೇರೆ ಹುಡುಗಿಯರಿಗೆ ಬೇರೆ ಬೇರೆ ಕೆಲಸವೆಂದು ಹಂಚಿಕೊಂಡಿದ್ದುದನ್ನು ಕಂಡು, ಅವರಿಬ್ಬರನ್ನೂ ಒಂದೇ ಮೇಜಿನ ಮುಂದೆ ಕೂರಿಸುವಂತೆ ನಾವು ಅಧ್ಯಾಪಕರಿಗೆ ಬರೆದೆವು. ಹಾರುತ್ತಿರುವಾಗಲೇ ಓರೆಯನ್ನು ತಾನಾಗಿ ಹೊಂದಿಸಿಕೊಳ್ಳುವ ಪ್ರೊಪೆಲ್ಲರು ಈ ತೊಡಕನ್ನೆಲ್ಲ ನೀಗಿಸುವುದು, ನಿಜ. ಅದರ ಬೆಲೆಯೂ ತೂಕವೂ ವಿದ್ಯಾರ್ಥಿನಿಯರಿಗೆ ನಿಲುಕುವುದಲ್ಲ. ಮೊದಲ ಹಾರಾಟಗಳಿಗೆ ಏರಿಕೆಗೆ ಹೊಂದುವ, ಓರೆ ಕಡಿಮೆಯಾದ, ಮರದ ಪ್ರೊಪೆಲ್ಲರೇ ಲೇಸೆಂಬುದು ನಮ್ಮ ಮತ. ಮರ ಹಗುರ, ಇಂಜಿನು, ಗೇರು, ದಂಡಗಳ ನಡುವೆ ಹುಟ್ಟುವ ತಿರುಚಿನ ಅದುರನ್ನು ಅದು ಬಹಳ ಮಟ್ಟಿಗೆ ನುಂಗಿಕೊಳ್ಳುವುದು.

ತಂದೆಯವರು ಎರಡನೆಯ ಸಲ ಬಂದಾಗ ನಾವು ಕೊಡಿ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಮಗಳನ್ನು ಕೇಳಬೇಕಾದ ಪ್ರಶ್ನೆಗಳನ್ನು ಒಂದು ಹಾಳೆಯ ಮೇಲೆ ಕನ್ನಡದಲ್ಲಿ ಬರೆದು ಕೊಟ್ಟೆವು. ಎಷ್ಟು ಅಶ್ವಶಕ್ತಿ, ಎಷ್ಟು ವೇಗ ಎಂಬ ಪ್ರಶ್ನೆ ಅದರಲ್ಲಿರಲಿಲ್ಲ. ಇಂಜಿನನ್ನು ನೆಲದ ಮೇಲೆ ಕಟ್ಟಿಹಾಕಿ ಪೂರ್ಣಶಕ್ತಿಯಲ್ಲಿ ಓಡಿಸಿದರೆ ಎಷ್ಟು ನಿಮಿಷಕ್ಕೆ ನೀರಿನ ಮುಳ್ಳು ಕೆಂಪು ಗೆರೆಗೆ ಹೋಗುವುದು, ಎಣ್ಣೆಯದು ಎಷ್ಟಕ್ಕೆ. ಅಂದು ಹೊರಗಿನ ಗಾಳಿ ಎಷ್ಟು ಡಿಗ್ರಿಯಿತ್ತು. ಹೊರಬಾಯಿಯ ಅಳತೆ ಒಳಬಾಯಿಗಿಂತ ಎಷ್ಟು ದೊಡ್ಡದು. ಪ್ರೊಪೆಲ್ಲರು ನಿಂತಲ್ಲಿಯೇ ಎಷ್ಟು ಸುತ್ತು ಬರುವುದು. ಮೊದಲು ಹಾರುವವರು ಯಾರು. ಕಡೆಯ ಪ್ರಶ್ನೆಗೆ ಉತ್ತರ ಕೂಡಲೇ ಬಂತು: ಅನುಭವಸ್ಥ ಪೈಲಟ್ಟೊಬ್ಬರು, ಅದೂ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಅನುಮತಿ ದೊರೆತ ಮೇಲೆ, ಹುಡುಗಿಯರಲ್ಲಿ ಯಾರೂ ಅಲ್ಲ. ಆ ಅನುಮತಿ ಸುಲಭದ್ದಲ್ಲವೆಂದು ಮುಂಬಯಿಯಲ್ಲಿ ಮನೆಯ ಮಾಳಿಗೆಯ ಮೇಲೆ ವಿಮಾನ ಕಟ್ಟಿದ ಅಮೋಲ್ ಯಾದವರ ಕತೆಯಿಂದ ಎಲ್ಲರಿಗೂ ತಿಳಿದಿದೆ. ಅವರ ವಿಮಾನಕ್ಕೆ ನೋಂದಣಿ ಸಿಕ್ಕಿದುದು ವರ್ಷಗಳ ಅಲೆದಾಟದ ತರುವಾಯ, 2017ರಲ್ಲಿ. ತಂದೆಯವರು ಉತ್ತರವನ್ನು ಎರಡು ಸಲ ಓದಿಸಿ ಕೇಳಿ, ಮುಕ್ಕಾಲು ಲಕ್ಷವನ್ನು ಕಳುಹಿಸಿದರು. ಉಳಿದುದು ಬಿಸಿಯ ಲೆಕ್ಕ ಬಂದ ಮೇಲೆ ಎಂದರು.

ಆ ಲೆಕ್ಕ ಆಗಸ್ಟಿನಲ್ಲಿ ಬಂತು. ಎರವಲು ತಂದ ಗೇರು ಪೆಟ್ಟಿಗೆಗೆ ಗಿಡ್ಡವಾದ ಪರೀಕ್ಷೆಯ ಪ್ರೊಪೆಲ್ಲರನ್ನು ಬಿಗಿದು ಓಡಿಸಿದಾಗ, ಬೆಂಗಳೂರಿನ 27 ಡಿಗ್ರಿಯ ಗಾಳಿಯಲ್ಲಿಯೇ ಹನ್ನೊಂದು ನಿಮಿಷಕ್ಕೆ ನೀರು 104 ಡಿಗ್ರಿ ಮುಟ್ಟಿತಂತೆ. ಗೆಳತಿಯರು ಬಾಯಿಯನ್ನು ಕೊಯ್ದು ದೊಡ್ಡದು ಮಾಡೋಣವೆಂದರು. ನಮ್ಮ ಹುಡುಗಿ ಒಪ್ಪದೆ, ಹೊರಬಾಯಿಯ ಸುತ್ತ ಉಣ್ಣೆಯ ಎಳೆಗಳನ್ನು ಅಂಟಿಸಿ ಮತ್ತೆ ಓಡಿಸಿ ನೋಡಿದಳು. ಎಳೆಗಳು ಹಿಂದಕ್ಕೆ ಹಾರುವ ಬದಲು ಸುಮ್ಮನೆ ಜೋತುಬಿದ್ದಿದ್ದುವು. ಕೆಲವು ಒಳಮುಖವಾಗಿಯೂ ತಿರುಗಿದ್ದುವು. ಹೊರಬಾಯಿಯನ್ನು ಕೆಳಕ್ಕೆ ಸರಿಸಿ, ತುಟಿಯೊಂದನ್ನು ಮಡಿಸಿ, ರೇಡಿಯೇಟರಿನ ಅಂಚಿನ ಸಂದುಗಳನ್ನು ಮುಚ್ಚಿದ ಮೇಲೆ ಅದೇ ಓಟದಲ್ಲಿ ನೀರು 93ಕ್ಕೆ ನಿಂತಿತು. ಎಣ್ಣೆ ಇನ್ನೂ ಹೆಚ್ಚಾಗಿಯೇ ಇದೆ. ಅದರ ರೇಡಿಯೇಟರನ್ನು ಎರಡರಷ್ಟು ಮಾಡಿ, ಬರುವ ಬೇಸಗೆಯಲ್ಲಿ ಇಡೀ ಸ್ಟಾಂಡನ್ನು ಲಾರಿಯಲ್ಲಿ ರಾಯಚೂರಿಗೆ ತಂದು ಮಧ್ಯಾಹ್ನದ ಎರಡು ಗಂಟೆಗೆ ಓಡಿಸಬೇಕೆಂದು ಆಕೆ ಬರೆದಿರುವಳು. ನಮ್ಮ ಶಾಲೆಯ ಹಿಂದಿನ ಬಯಲನ್ನು ಅದಕ್ಕೆ ಕೊಡುವುದಾಗಿ ನಾವು ಒಪ್ಪಿದ್ದೇವೆ. ಪರೀಕ್ಷೆಗಳು ಮುಗಿದ ಮೇಲೆ ಮಾತ್ರ, ಏಕೆಂದರೆ ಗದ್ದಲ ವಿಪರೀತವೆಂದು ಕೇಳಿದ್ದೇವೆ. ಪ್ರೊಪೆಲ್ಲರಿಗೆ ಮರವೇ ಎಂದು ಈಗ ನಾಲ್ವರೂ ಒಪ್ಪಿರುವರಂತೆ. ವ್ಯಾಸವನ್ನು ಮಾತ್ರ ಇನ್ನೂ ಬರೆದಿಲ್ಲ, ಗೇರು 2.17ರದೋ 2.85ರದೋ ಎಂಬುದು ತೀರ್ಮಾನವಾಗದೆ ಬಡಗಿಗೆ ಅಳತೆ ಕೊಡುವಂತಿಲ್ಲ.